ಮತ್ತೆ ಧಿಗಿಣ ಹೊಡೆದ ಮೇಲೆ ನೆನೆಯಬೇಕಾದವರು

ಮೊನ್ನೆ ಶನಿವಾರ ರಾತ್ರಿ ಬದಿಯಡ್ಕದ ಸಮೀಪ ನಡೆದ ನಮ್ಮ ಹವ್ಯಾಸಿ ಯಕ್ಷಗಾನ ಸಂಘದ ಆಟದಲ್ಲಿ ನಾನು ಅಭಿಮನ್ಯುವಿನ ವೇಷ ಮಾಡಿ, ಸಾಲಾಗಿ ಹನ್ನೆರಡು ಧಿಗಿಣ (ನೆಗೆದು ಸುತ್ತುವ ಕುಣಿತ) ಹೊಡೆದು, ಮರುದಿನ ಬೆಳಿಗ್ಗೆ ಗೋಡೆ ಹಿಡಿಯದೆ ಮನೆಯ ಮೆಟ್ಟಿಲಿಳಿದೆ. ಮೊಣಕಾಲು ನೋವಿನ ಹತ್ತೊಂಬತ್ತು ತಿಂಗಳ ಬಳಿಕ ಈ ದಿನ ಒದಗುವುದಕ್ಕೆ ಕಾರಣರಾದವರನ್ನು ಇಲ್ಲಿ ನೆನೆಯುತ್ತಿದ್ದೇನೆ. ಹೆಸರು ಹಾಕಿದರೆ ಜಗಳವಾದೀತೆಂದು ಅವರಲ್ಲಿಬ್ಬರು ಮೊದಲೇ ಎಚ್ಚರಿಸಿರುವುದರಿಂದ ಯಾರ ಹೆಸರನ್ನೂ ಬರೆಯುವುದಿಲ್ಲ.

ನೋವಿದ್ದದ್ದು ಮೊಣಕಾಲ ಚಿಪ್ಪಿನ ಕೆಳತುದಿಯಲ್ಲಿ, ಒಂದು ಬೆರಳಿನಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ. ಚಿಪ್ಪನ್ನು ಕೆಳಗಿನ ಎಲುಬಿಗೆ ಬಿಗಿಯುವ ಸ್ನಾಯುರಜ್ಜು, ಅಂದರೆ ಪಟೆಲ್ಲರ್ ಟೆಂಡನ್, ನೆಗೆದು ಇಳಿಯುವವರಲ್ಲಿ ಹೀಗೆ ಕೆಡುವುದರಿಂದ ಇದನ್ನು ‘ಜಂಪರ್ಸ್ ನೀ’ ಎನ್ನುತ್ತಾರೆ. ವಾಲಿಬಾಲ್ ಆಟಗಾರರ ಕಾಯಿಲೆ ಅಭಿಮನ್ಯುವಿನಂಥ ಚುರುಕು ಕುಣಿತದ ಪುಂಡುವೇಷದವನನ್ನೂ ಬಿಡಲಿಲ್ಲ. ಮೊದಲು ಒಂದು ಕ್ಲಿನಿಕ್ಕಿನಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡು ತಿಂಗಳು ಹಗುರವಾಗಿದ್ದ ಕಾಲು ಮೂರನೆಯ ತಿಂಗಳಿಗೆ ಮೊದಲಿಗಿಂತ ಕೆಟ್ಟಿತು. ಆಮೇಲೆ ಆರು ವಾರ ವಿಶ್ರಾಂತಿ ಪಡೆದೆ; ಮಲಗಿದ್ದಾಗ ನೋವಿಲ್ಲ, ಎದ್ದು ನಾಲ್ಕು ಹೆಜ್ಜೆ ಕುಣಿದರೆ ಅದೇ ನೋವು.

ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ಸೋದರ ಸೊಸೆಗೆ ನನ್ನ ಮೊದಲ ನಮಸ್ಕಾರ. ವಯಸ್ಸಿನಲ್ಲಿ ಕಿರಿಯಳಾದರೂ ಈ ವಿಷಯದಲ್ಲಿ ಆಕೆಯೇ ಗುರು. ರಜೆಗೆ ಬಂದಾಗಲೆಲ್ಲ ಸಂಶೋಧನಾ ಪ್ರಬಂಧಗಳನ್ನು ತಂದು, ಚಾವಡಿಯಲ್ಲಿ ಕೂರಿಸಿ, ಸಾಲುಸಾಲಾಗಿ ಅರ್ಥ ಹೇಳಿದಳು. ಡೆನ್ಮಾರ್ಕಿನ ಕಾಂಗ್ಸ್‌ಗಾರ್ಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರು ಹನ್ನೆರಡು ವಾರಕ್ಕೆ ಸುಧಾರಿಸಿ ಅರ್ಧ ವರ್ಷದ ಹೊತ್ತಿಗೆ ಹಿಂದೆ ಬಿದ್ದರು, ಭಾರವನ್ನು ನಿಧಾನವಾಗಿ ಎತ್ತಿ ಇಳಿಸಿದವರು ಸುಧಾರಣೆಯನ್ನು ಉಳಿಸಿಕೊಂಡರು ಎಂದು ಓದಿದಾಗ, ನನ್ನ ಕಾಲಿನ ಜಾತಕವನ್ನೇ ಯಾರೋ ಮೊದಲೇ ಬರೆದಿಟ್ಟಂತೆನಿಸಿತು. ನಾರ್ವೆಯಲ್ಲಿ 2006ರಲ್ಲಿ ಶಸ್ತ್ರಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಹೋಲಿಸಿದಾಗ ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಮೇಲೆನಿಸಲಿಲ್ಲ ಎಂಬುದನ್ನು ಆಕೆ ಎರಡು ಬಾರಿ ಓದಿಸಿದಳು, ಏಕೆಂದರೆ ನಾನು ಆಗಲೇ ಆಪರೇಷನ್ನಿನ ಖರ್ಚು ಲೆಕ್ಕ ಹಾಕುತ್ತಿದ್ದೆ.

ಓದಿದ್ದನ್ನು ನನ್ನ ಕಾಲಿಗೆ ಹೊಂದಿಸಿದವರು ಕಾಸರಗೋಡಿನ ಒಬ್ಬ ಫಿಸಿಯೋಥೆರಪಿಸ್ಟ್. ಅವರ ಕನ್ನಡ ಅಷ್ಟಕ್ಕಷ್ಟೆ, ನನ್ನ ಮಲಯಾಳವೂ ಹಾಗೆಯೇ. ತುಳುವಿನಲ್ಲಿ ಹೇಗೋ ಸುಧಾರಿಸಿಕೊಂಡೆವು. ಜೀಪು ಎಳೆಯುವ ಅಗಲವಾದ ಬೆಲ್ಟನ್ನು ಚಾವಡಿಯ ಕಂಬಕ್ಕೂ ಮೊಣಕಾಲ ಹಿಂಬದಿಗೂ ಸುತ್ತಿ, ಹಿಂದಕ್ಕೆ ವಾಲಿ ಅರ್ಧ ಕುಳಿತಂತೆ ನಲವತ್ತೈದು ಸೆಕೆಂಡು ನಿಲ್ಲುವುದು, ಹೀಗೆ ಐದು ಸಲ: ಇದು ಮೊದಲ ಪಾಠ. ಹತ್ತರಲ್ಲಿ ಮೂರನ್ನು ಮೀರದ ನೋವಿಗೆ ಹೆದರಬಾರದು, ಆದರೆ ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಭಾರ ಇಳಿಸಬೇಕು ಎಂಬ ಅವರ ಕಟ್ಟಳೆಯನ್ನು ಮುರಿದಾಗಲೆಲ್ಲ ನಾನು ತೆತ್ತಿದ್ದೇನೆ.

ಮುಂದಿನ ಹಂತಕ್ಕೆ 25 ಡಿಗ್ರಿ ಇಳಿಜಾರಿನ ಹಲಗೆ ಬೇಕಿತ್ತು. ಹಾಗೆ ಮುಂದಕ್ಕೆ ವಾಲಿದ ಹಲಗೆಯ ಮೇಲೆ ನಿಂತು ಕುಳಿತರೆ ಭಾರ ಹೆಚ್ಚಾಗಿ ಆ ರಜ್ಜುವಿನ ಮೇಲೆಯೇ ಬೀಳುತ್ತದೆ. ನಮ್ಮೂರಿನ ಆಚಾರಿಯವರು ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತರಿಸಿ, ಒಂದು ಅಡಿ ಅಡಿಪಾಯಕ್ಕೆ ಐದೂವರೆ ಇಂಚಿನಷ್ಟು ಎತ್ತರ ಎಂದು ಮರದ ಮೇಲೆಯೇ ಪೆನ್ಸಿಲಿನಲ್ಲಿ ಗೀರಿ, ಹಲಸಿನ ಹಲಗೆ ಕೊಯ್ದು, ಪಾದ ಜಾರದಂತೆ ಹಳೆಯ ಟಯರಿನ ತುಂಡು ಹೊಡೆದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಮುಂದಿನ ಆಟಕ್ಕೆ ಎದುರಿನ ಸಾಲಿನಲ್ಲಿ ಕುರ್ಚಿ ಕೇಳಿದರು, ಮೊನ್ನೆ ಅಲ್ಲೇ ಕೂತಿದ್ದರು.

ಬೆನ್ನಿಗೆ ಅಕ್ಕಿಚೀಲ ಕಟ್ಟಿಕೊಂಡು ಮೂರು ಸೆಕೆಂಡು ಇಳಿದು ಮೂರು ಸೆಕೆಂಡು ಏಳುವುದು ಕೇಳಲು ಸುಲಭ. ಕುಣಿಯುವವನ ಕಾಲಿಗೆ ನಿಧಾನವೆಂಬುದು ಒಗ್ಗುವುದಿಲ್ಲ, ಐದನೆಯ ಸಲಕ್ಕೇ ಅವಸರ ಹತ್ತುತ್ತದೆ. ನಮ್ಮ ಮದ್ದಳೆಗಾರರು ವಾರಕ್ಕೆ ಮೂರು ಸಂಜೆ ಬಂದು ರೂಪಕ ತಾಳದ ಆರು ಅಕ್ಷರಗಳನ್ನು ಅಕ್ಷರಕ್ಕೊಂದು ಸೆಕೆಂಡಿನಂತೆ ನುಡಿಸಿದರು. ಅಷ್ಟು ವಿಳಂಬದ ರೂಪಕವನ್ನು ಭಾಗವತರು ಕೇಳಿದರೆ ನನ್ನನ್ನು ಸಂಘದಿಂದ ಓಡಿಸಿಯಾರು ಎಂದು ಗೊಣಗುತ್ತಲೇ ಎಂಟು ತಿಂಗಳು ತಪ್ಪಿಸಲಿಲ್ಲ. ಅದೇ ಭಾಗವತರು ಈ ಅವಧಿಯುದ್ದಕ್ಕೂ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಿ ನನಗೆ ವಿದುರನ, ಭೀಷ್ಮನ ಅರ್ಥ (ಮಾತಿನ ಪಾತ್ರ) ಕೊಟ್ಟು, ಕುಳಿತಲ್ಲಿಂದಲೇ ಕಲಾವಿದನಾಗಿ ಉಳಿಸಿದರು. ಅವರಿಗೆ ನಾನು ಸಾಲಗಾರ.

ನೋವನ್ನು ಅಳೆಯುವ ವೀಸಾ-ಪಿ ಎಂಬ ನೂರು ಅಂಕದ ಪ್ರಶ್ನಾವಳಿಯಲ್ಲಿ ನಾನು ಮೊದಲು ಪಡೆದದ್ದು 41, ಕಳೆದ ತಿಂಗಳು 88. ನೂರಾಗಿಲ್ಲ, ಚಳಿಗಾಲದ ಬೆಳಿಗ್ಗೆ ಈಗಲೂ ಒಂದಿಷ್ಟು ಬಿಗಿತವಿದೆ, ವ್ಯಾಯಾಮ ವಾರಕ್ಕೆರಡು ದಿನ ಮುಂದುವರಿದಿದೆ. ಅಕ್ಕಿಚೀಲವನ್ನು ಪ್ರತಿ ಸಲ ಬಿಗಿದು ಕಟ್ಟಿ ಬಿಚ್ಚಿದ ಹೆಂಡತಿಗೆ ಇಲ್ಲಿ ಕೃತಜ್ಞತೆ ಬರೆದರೆ ನಗುತ್ತಾಳೆ, ಆದರೂ ಬರೆದಿದ್ದೇನೆ.

ಹಲಗೆಯನ್ನು ಕಳೆದ ವಾರ ಪಕ್ಕದ ಶಾಲೆಯ ವಾಲಿಬಾಲ್ ಹುಡುಗನೊಬ್ಬ ಕೊಂಡೊಯ್ದಿದ್ದಾನೆ. ಇನ್ನೊಂದಕ್ಕೆ ಆಚಾರಿಯವರು ಮರ ನೋಡಿಟ್ಟಿದ್ದಾರಂತೆ.