ಸೇವಂತಿಗೆ ಕುಂಡ

ನೀಸ್, ಫ್ರಾನ್ಸ್
ನವೆಂಬರ್ 3

ಪ್ರೀತಿಯ ಆಯಿ, ಅಪ್ಪ,

ನಮಸ್ಕಾರ. ಹಬ್ಬದ ದಿನ ಫೋನಿನಲ್ಲಿ ಎರಡು ಮಾತಾಡಿ ಇಟ್ಟುಬಿಟ್ಟೆ ಅಂತ ಆಯಿಗೆ ಬೇಜಾರಾಗಿರಬೇಕು. ನೀವು ಪೂಜೆಯ ಗಡಿಬಿಡಿಯಲ್ಲಿದ್ದಿರಿ. ಅದಕ್ಕೇ ಈಗ ಪುರುಸೊತ್ತಿನಲ್ಲಿ ಕೂತು ಬರೆಯುತ್ತಿದ್ದೇನೆ.

ಪ್ಯಾರಿಸ್ಸಿನಲ್ಲಿ ಆಗಲೇ ಚಳಿ, ದಿನವಿಡೀ ಮೋಡ. ರೈಲಿನಲ್ಲಿ ಆರು ಗಂಟೆ ಕೂತು ಇಲ್ಲಿ ಇಳಿದರೆ ಬಿಸಿಲು! ಹೊನ್ನಾವರದಲ್ಲಿ ಡಿಸೆಂಬರ್ ತಿಂಗಳ ಬೆಳಗ್ಗೆ ಜಗುಲಿಗೆ ಬೀಳುತ್ತದಲ್ಲ, ಅಂಥ ಹಿತವಾದ ಬಿಸಿಲು. ಸೀಸನ್ ಮುಗಿದಿದೆ. ಬೇಸಿಗೆಯಲ್ಲಿ ಕೇಳಿದ ಬಾಡಿಗೆಯ ಅರ್ಧಕ್ಕೇ ರೂಮು ಸಿಕ್ಕಿತು, ಒಬ್ಬರು ಅಜ್ಜಿಯ ಮನೆಯಲ್ಲಿ.

ಅಪ್ಪ, ನೀನಿದ್ದರೆ ಮೊದಲು ಸಮುದ್ರ ನೋಡುತ್ತಿದ್ದೆ. ಇಲ್ಲಿ ಮರಳೇ ಇಲ್ಲ, ದಂಡೆ ತುಂಬ ಬೂದು ಬಣ್ಣದ ನುಣುಪು ಕಲ್ಲು. ಅಲೆ ಹಿಂದೆ ಸರಿಯುವಾಗ ಕಲ್ಲೆಲ್ಲ ಉರುಳಿ, ಅಂಗಳದಲ್ಲಿ ಒಣಗಿದ ಅಡಿಕೆ ಹರಗಿದ ಹಾಗೆ ಸದ್ದು. ಭರತ, ಇಳಿತ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಕಡಲು ಇರುವುದು ದಕ್ಷಿಣಕ್ಕೆ, ಹಾಗಾಗಿ ಸೂರ್ಯ ಗುಡ್ಡದ ಹಿಂದೆ ಮುಳುಗುತ್ತಾನೆ. ನನಗೆ ಅದೊಂದು ಇನ್ನೂ ರೂಢಿಯಾಗಿಲ್ಲ. ದಂಡೆಯ ಉದ್ದಕ್ಕೂ ರಸ್ತೆ, ಅಲ್ಲಲ್ಲಿ ನೀಲಿ ಕುರ್ಚಿ. ಹಿಂದೆ ಇಂಗ್ಲಿಷರು ಚಳಿ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರಂತೆ. ಆ ರಸ್ತೆಗೆ ಇವತ್ತಿಗೂ ಅವರದೇ ಹೆಸರು. ಚಳಿಗಾಲದ ಊರು ಅಂತಲೇ 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಾಗೆ ನೋಡಿದರೆ ನಾನು ಸರಿಯಾದ ಸಮಯಕ್ಕೇ ಬಂದೆ ಅಲ್ವಾ?

ಆಯಿ, ಇಲ್ಲಿಯ ತಿಂಡಿ ಸೊಕ್ಕಾ. ಕಡ್ಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹೊಯ್ದು ಕಟ್ಟಿಗೆ ಒಲೆಯೊಳಗೆ ಸುಡುತ್ತಾರೆ. ಮೇಲೆ ಕಾಳುಮೆಣಸಿನ ಪುಡಿ. ಅಂಚು ಗರಿಗರಿ, ನಡುವೆ ಮೆತ್ತಗೆ. ಹಸಿಮೆಣಸು ಹಾಕಿದ್ದರೆ ನಿನ್ನ ಕೈಯದ್ದೇ ಅನ್ನಬಹುದಿತ್ತು.

ಈಗ ಹಬ್ಬದ ವಿಷಯ. ಹಳೇ ಊರಿನ ಹೂವಿನ ಸಂತೆಗೆ ಹೋದರೆ ಎಲ್ಲಿ ನೋಡಿದರೂ ಸೇವಂತಿಗೆ! ಹಳದಿ, ಬಿಳಿ, ಕುಂಕುಮ ಬಣ್ಣ, ಒಂದೊಂದು ಕುಂಡದಲ್ಲಿ ನೂರಾರು ಹೂವು. ದೀಪಾವಳಿಗೆ ಅಂತಲೇ ತಂದಿಟ್ಟ ಹಾಗೆ ಕಂಡಿತು. ಖುಷಿಯಲ್ಲಿ ಹಳದಿಯದೊಂದು ಕುಂಡ ತಂದೆ. ಬಾಗಿಲಲ್ಲೇ ಅಜ್ಜಿಯ ಮುಖ ಸಣ್ಣದಾಯಿತು. "ಯಾರು ತೀರಿಕೊಂಡರು?" ಅಂದರು.

ಇಲ್ಲಿ ನವೆಂಬರ್ 1ಕ್ಕೆ ಎಲ್ಲರೂ ತೀರಿಕೊಂಡವರ ಸಮಾಧಿಗೆ ಹೋಗುತ್ತಾರೆ. ಸೇವಂತಿಗೆ ಅಲ್ಲಿಡುವ ಹೂವು. ಮನೆಯೊಳಗೆ ತರುವುದಿಲ್ಲ, ಯಾರಿಗೂ ಉಡುಗೊರೆ ಕೊಡುವುದಿಲ್ಲ. ನಾನು ನನಗೆ ಬರುವ ಫ್ರೆಂಚಿನಲ್ಲಿ ನಮ್ಮಲ್ಲಿ ಇದು ದೇವರಿಗೆ ಏರಿಸುವ ಹೂವು, ಆಯಿ ಹಬ್ಬಕ್ಕೆ ಮಾಲೆ ಕಟ್ಟುತ್ತಾಳೆ ಅಂದೆ. ಅವರು ಸುಮಾರು ಹೊತ್ತು ಸುಮ್ನೆ ನಿಂತರು. ಆಮೇಲೆ ತಾವೇ ಮೇಜು ಒರೆಸಿ, ಜಾಗ ಮಾಡಿ ಕೊಟ್ಟರು. ನಾನು ದೀಪ ಹಚ್ಚಿದೆ. ಅವರು ದೀಪ ಆರುವವರೆಗೂ ಪಕ್ಕದಲ್ಲೇ ಕೂತಿದ್ದರು.

ಪೂಜೆಗೆ ಬೇಕಾದಷ್ಟೇ ಬಿಡಿಸಿದ್ದೆ. ಕುಂಡದಲ್ಲಿ ಇನ್ನೂ ಜಾಸ್ತಿಯೇ ಇತ್ತು. ಮರುದಿನ ಅವರ ಜೊತೆ ಗುಡ್ಡಕ್ಕೆ ಹೋದೆ. ಅದಕ್ಕೆ ಕೋಟೆ ಗುಡ್ಡ ಅಂತ ಹೆಸರು. ಕೋಟೆಯನ್ನು 1706ರಲ್ಲೇ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ಕೆಡವಿಸಿದ, ಈಗ ಮೇಲೆ ಸ್ಮಶಾನ, ತೋಟ ಇವೆ. ಅವರ ಗಂಡನ ಸಮಾಧಿ ಅಲ್ಲಿದೆ. ಲಿಫ್ಟ್ ಇದೆ, ಆದರೂ ಕುಂಡ ಭಾರ, ನಾನೇ ಹೊತ್ತೆ. ಅಜ್ಜಿ ಕಲ್ಲಿನ ಮೇಲಿದ್ದ ಒಣ ಎಲೆ ಗುಡಿಸಿದರು, ನಾನು ಕುಂಡ ಇಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಆ ಗುಡ್ಡದಲ್ಲಿ ದಿನಾ ಒಂದು ಸಿಡಿಮದ್ದು ಸಿಡಿಸುತ್ತಾರೆ. ನಾನು ಬೆಚ್ಚಿಬಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಊಟದ ಹೊತ್ತಾಯಿತು, ನಡಿ" ಅಂದರು.

ನಾಳೆ ವಾಪಸು ಹೊರಡುತ್ತೇನೆ. ಪೂಜೆಯ ಹೂವಿನ ನಾಲ್ಕು ಎಸಳು ಇದರಲ್ಲಿ ಇಟ್ಟಿದ್ದೇನೆ. ಅಮ್ಮಮ್ಮನಿಗೆ ಕೊಡಿ.

ನಿಮ್ಮ ಮಗಳು