ಬುಧವಾರ ನಿಂತ ಒನಕೆ

ಚಿತ್ರದುರ್ಗ
11-9-2025

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಭಾನುವಾರದ ಗ್ರಹಣದ ಹೊತ್ತಿಗೆ ನಿಮ್ಮ ಚಾನೆಲ್ಲಿನಲ್ಲಿ 'ಗ್ರಹಣದ ಶಕ್ತಿಗೆ ತಾನೇ ನಿಂತ ಒನಕೆ?' ಅಂತ ಸಾಲು ಓಡಿತಲ್ಲ, ಅದನ್ನು ಬರೆದವಳು ನೀನೇ ಅಂತ ನನಗೆ ಗೊತ್ತಿರಲಿಲ್ಲ. 'ಕೊನೆಗೆ ಪ್ರಶ್ನೆ ಗುರುತು ಹಾಕಿದ್ದೀನಿ ಅಮ್ಮ, ಸುಳ್ಳು ಹೇಳಿದ ಹಾಗೆ ಆಗಲ್ಲ' ಅಂದೆ. ಆಮೇಲೆ ಸುಮ್ಮನಾದೆ. ವಿಜ್ಞಾನದ ಮೇಷ್ಟ್ರ ಮಗಳು ಅಂತ ನಾಚಿಕೆ ಆಯ್ತೇನೋ.

ಬೈಯುವುದಕ್ಕೆ ಬರೆಯುತ್ತಿಲ್ಲ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದವಳಿಗೆ ಮೇಲಿನವರು ಬರಿ ಅಂದರೆ ಬರೆಯಲೇಬೇಕು. ಆದರೆ ಓಬವ್ವನ ಊರಲ್ಲಿ ಒನಕೆಗೆ ಇಂಥ ಗತಿ ಬಂತಲ್ಲ ಅಂತ ನಗು ಬಂತು.

ನಿನ್ನೆ ಬುಧವಾರ ನಿಮ್ಮಜ್ಜಿಯ ಒನಕೆಯನ್ನು ಅಟ್ಟದಿಂದ ಇಳಿಸಿದೆ. ತಾಂಬಾಳಕ್ಕೆ ನೀರು ಹಾಕಿ ಅದರಲ್ಲಿ ನಿಲ್ಲಿಸಿದೆ. ಎರಡು ಸಲ ವಾಲಿತು, ಕೈ ಕೊಟ್ಟು ಹಿಡಿದೆ. ಮೂರನೇ ಸಲ ನಿಂತಿತು. ನೀರು ಚೆಲ್ಲಿ ಒಣ ನೆಲದ ಮೇಲೆ ಇಟ್ಟೆ, ಅಲ್ಲೂ ನಿಂತಿತು. ಗ್ರಹಣ ಇಲ್ಲ, ಹುಣ್ಣಿಮೆ ಇಲ್ಲ, ಬೆಳಿಗ್ಗೆ ಹತ್ತೂವರೆ. ಒನಕೆಯ ಬುಡ ಚಪ್ಪಟೆ. ಬುಡಕ್ಕೆ ಕಬ್ಬಿಣದ ಅಣಸು ಬೇರೆ ಇದೆ, ಭಾರ ಅಲ್ಲೇ ಜಾಸ್ತಿ. ಭಾರದ ಗೆರೆ ಬುಡದ ಒಳಗೇ ಬೀಳುವ ಹಾಗೆ ನೆಟ್ಟಗಿಟ್ಟರೆ ಯಾವ ಒನಕೆಯಾದರೂ ನಿಲ್ಲುತ್ತದೆ, ತಾಳ್ಮೆ ಬೇಕು ಅಷ್ಟೇ. ಗ್ರಹಣದ ದಿನ ಆ ತಾಳ್ಮೆ ಎಲ್ಲರಿಗೂ ಎಲ್ಲಿಂದಲೋ ಬರುತ್ತದೆ.

ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದು ಎಳೆಯುತ್ತವೆ ಅಂತ ನಿಮ್ಮ ಜ್ಯೋತಿಷಿ ಹೇಳಿದರು. ಸಾಲಿಗೆ ಬರುವುದು ನಿಜ. ಆದರೆ ಹೆಚ್ಚು ಕಮ್ಮಿ ಅದೇ ಸಾಲಿಗೆ ಪ್ರತಿ ಹುಣ್ಣಿಮೆಗೂ ಬರುತ್ತವೆ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ ಇರುವುದರಿಂದ ಬಹಳಷ್ಟು ಸಲ ಅದು ಭೂಮಿಯ ನೆರಳನ್ನು ತಪ್ಪಿಸಿಕೊಂಡು ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಗ್ರಹಣಕ್ಕೆ ಅಂತ ಬೇರೆ ಎಳೆತ ಇಲ್ಲ. ಪರದೆಯ ಇನ್ನರ್ಧದಲ್ಲಿ ಕೂತಿದ್ದ ವಿಜ್ಞಾನಿ ಇದನ್ನು ಹೇಳಲು ಬಾಯಿ ತೆರೆದರು, ನೀವು ಜಾಹೀರಾತಿಗೆ ಹೋದಿರಿ.

ನೋಡು, ಜ್ಯೋತಿಷಿಯ ಮಾತು ಬಿಟ್ಟರೆ ನಿಮ್ಮ ವಿಡಿಯೋದಲ್ಲಿ ಒಂದೂ ಸುಳ್ಳಿಲ್ಲ. ಒನಕೆ ನಿಂತದ್ದು ನಿಜವೇ. ಬುಧವಾರವನ್ನು ಮಾತ್ರ ಯಾರೂ ತೋರಿಸಲಿಲ್ಲ.

ನಾನೂ ಈ ಬುಧವಾರವನ್ನು ಮರೆತವಳೇ. ಹೊಳಲ್ಕೆರೆ ತೋಟದ ಅಡಿಕೆ ಒಣಗುತ್ತಿದ್ದ ವರ್ಷ ನಿನಗೆ ನೆನಪಿರಬೇಕು. ಬೋರು ಕೊರೆಸಲು ನೀರಿರುವ ಜಾಗ ತೋರಿಸಲಿ ಅಂತ ನಿಮ್ಮಪ್ಪ ಕಾಯಿ ನೋಡುವವರನ್ನು ಕರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅವರು ತೋಟ ಸುತ್ತಿದರು. ಬೇವಿನ ಮರದ ಹತ್ತಿರ ಕಾಯಿ ಎದ್ದು ನಿಂತಿತು. ನ್ಯೂಟನ್ ಪಾಠ ಮಾಡಿ ಬಂದವಳು ನಾನು, ಒಂದು ಮಾತೂ ಆಡಲಿಲ್ಲ. ಯಾಕೆಂದರೆ ಪಕ್ಕದ ತೋಟದವರಿಗೆ ಅವರು ಪಾಯಿಂಟ್ ಮಾಡಿದ ಎರಡು ಬೋರಿನಲ್ಲೂ ನೀರು ಬಂದಿತ್ತು. ನಮಗೆ ಏಳುನೂರು ಅಡಿಗೂ ಬರೀ ಧೂಳು. ನನ್ನ ಪಿಎಫ್ ಸಾಲ ಆ ತೂತಿನಲ್ಲೇ ಹೋಯಿತು. ಆಮೇಲೆ ವಿಚಾರಿಸಿದರೆ ಅದೇ ಸುತ್ತಿನಲ್ಲಿ ಅವರು ತೋರಿಸಿದ ಇನ್ನೂ ನಾಲ್ಕು ಬೋರು ಫೇಲಾಗಿದ್ದವು. ನೀರು ಬಂದ ಬೋರಿಗೆ ಪೂಜೆ, ಊಟ, ಊರೆಲ್ಲ ಸುದ್ದಿ. ಫೇಲಾದ ಬೋರಿಗೆ ಕಲ್ಲು ಮುಚ್ಚಿ ಮಾತು ಬಿಡುತ್ತಾರೆ. ಯಂತ್ರ ತರುವ ಭೂವಿಜ್ಞಾನಿಗಳೂ ತಪ್ಪುತ್ತಾರೆ, ನಮ್ಮ ಬಂಡೆಯ ನೆಲದಲ್ಲಿ ಬಿರುಕು ಹುಡುಕುವುದು ಸುಲಭ ಅಲ್ಲ. ಆದರೆ ಅವರು ತಪ್ಪಿದ್ದನ್ನು ಮಾತ್ರ ಎಲ್ಲರೂ ಲೆಕ್ಕ ಇಡುತ್ತಾರೆ!

ಇದು ನಮ್ಮ ಹಳ್ಳಿಯ ಪೆದ್ದುತನ ಅಂದುಕೊಳ್ಳಬೇಡ. ಜರ್ಮನಿಯಲ್ಲಿ 1987-88ರಲ್ಲಿ ಸರ್ಕಾರದ ದುಡ್ಡಿನಲ್ಲೇ ಇದರ ಪರೀಕ್ಷೆ ನಡೆಯಿತು. ಮ್ಯೂನಿಕ್ ಹತ್ತಿರ ಒಂದು ದೊಡ್ಡ ಕಣಜದ ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಬೇಕಾದ ಕಡೆ ಸರಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ನೀರು ನೋಡುವವರು ಓಡಾಡಿ ಜಾಗ ಹೇಳಬೇಕು. ಸುಮಾರು 500 ಜನರಲ್ಲಿ ಆರಿಸಿದ 43 ಮಂದಿ, 843 ಪ್ರಯತ್ನ. ಕೆಲವರಿಗೆ ನಿಜವಾಗಿಯೂ ಈ ಶಕ್ತಿ ಇದೆ ಅಂತ ಸಂಶೋಧಕರು ಸಾರಿದರು. ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ ಅದೇ ಅಂಕಿ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರು. ಒಂದು ಸರದಿಯಲ್ಲಿ ಚೆನ್ನಾಗಿ ಹೇಳಿದವರು ಇನ್ನೊಂದು ಸರದಿಯಲ್ಲಿ ಎಡವಿದ್ದರು. ಕಣ್ಣು ಮುಚ್ಚಿ ಹೇಳಿದ್ದರೂ ಹೆಚ್ಚು ಕಮ್ಮಿ ಅಷ್ಟೇ ಸರಿ ಬರುತ್ತಿತ್ತು. 43 ಜನರಲ್ಲಿ ಗೆದ್ದವರನ್ನಷ್ಟೇ ಎತ್ತಿ ತೋರಿಸಿದರೆ ಅದೂ ನಮ್ಮ ಪಕ್ಕದ ತೋಟದ ಬೋರಿನ ಕಥೆಯೇ, ಅಲ್ವಾ?

ಸರ್ಕಾರಗಳಿಗೂ ಈ ಅಭ್ಯಾಸ ಇದೆ. 2017ರಲ್ಲಿ ನಮ್ಮ ರಾಜ್ಯದಲ್ಲಿ ಮೋಡ ಬಿತ್ತನೆ ಆಯಿತು, ಅಂದರೆ ಮಳೆ ತರಿಸಲು ವಿಮಾನದಿಂದ ಮೋಡಕ್ಕೆ ರಾಸಾಯನಿಕ ಎರಚಿದರು. ಮಳೆ ಬಂದರೆ ಯೋಜನೆಗೆ ಜಯ. ಬಿತ್ತದೆ ಬಿಟ್ಟಿದ್ದರೆ ಅದೇ ಮೋಡ ಎಷ್ಟು ಸುರಿಸುತ್ತಿತ್ತು ಅಂತ ಯಾವ ಭಾಷಣದಲ್ಲೂ ಕೇಳಿದ ನೆನಪಿಲ್ಲ. ಸೊಲ್ಲಾಪುರದಲ್ಲಿ ವಿಜ್ಞಾನಿಗಳು ಕೆಲವು ಮೋಡಕ್ಕೆ ಬಿತ್ತಿ, ಅಂಥವೇ ಕೆಲವನ್ನು ಬೇಕೆಂದೇ ಬಿಟ್ಟು ಎರಡನ್ನೂ ಹೋಲಿಸಿ ನೋಡಿದರು. ಅದು ವರ್ಷಗಟ್ಟಲೆ ಹಿಡಿಯುವ ಕೆಲಸ. ಚುನಾವಣೆ ಅಷ್ಟು ಕಾಯುವುದಿಲ್ಲ.

ನಿನಗೆ ಒಂದು ಫೋಟೋ ಕಳಿಸುತ್ತಿದ್ದೇನೆ. ನಮ್ಮ ಒನಕೆ, ತಾಂಬಾಳ, ಪಕ್ಕದಲ್ಲಿ ತಾರೀಖು ಕಾಣುವ ಹಾಗೆ ನಿನ್ನೆಯ ಪೇಪರ್. 2026ರ ಮಾರ್ಚ್ 3ಕ್ಕೆ ಮತ್ತೆ ಚಂದ್ರಗ್ರಹಣ ಇದೆ. ಅವತ್ತು ಒನಕೆ ಸುದ್ದಿ ಬರಿ ಅಂದರೆ, ಪಕ್ಕದಲ್ಲಿ ಈ ಫೋಟೋನೂ ಹಾಕೋಣವಾ ಸರ್ ಅಂತ ಕೇಳು. ಬೇಡ ಅನ್ನಬಹುದು. ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯಲ್ಲ.

ಒನಕೆ ಇನ್ನೂ ಅಡುಗೆಮನೆ ಮೂಲೆಯಲ್ಲಿ ನಿಂತೇ ಇದೆ. ಗ್ರಹಣ ಬಿಡೋದು ಯಾವಾಗ, ಓಡಾಡೋಕೆ ಜಾಗ ಇಲ್ಲ ಅಂತ ನಿಮ್ಮಪ್ಪ ಕೇಳುತ್ತಿದ್ದಾರೆ.

ನಿನ್ನ
ಅಮ್ಮ