ಅಪ್ಪ ಮತ್ತೆ ಫಿಯಾಟಿನಲ್ಲಿ ಕುಳಿತರು

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ, ಮಾತು ನಿಧಾನವಾದರೂ ತಿಳಿಯುತ್ತದೆ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಅವಸರದಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟಿದ್ದೆ. ಈಗ ಕುಳಿತು ಬರೆಯುವಷ್ಟು ಮನಸ್ಸು ಹಗುರವಾಗಿದೆ. ಏನಾಯಿತು, ಹೇಗಾಯಿತು ಎಂಬುದು ನಿಮಗೆಲ್ಲ ಗೊತ್ತಿದೆ, ಅದನ್ನು ಮತ್ತೆ ಹೇಳುವುದಿಲ್ಲ.

ಬೆಳಗಾವಿಯ ಆಸ್ಪತ್ರೆಯ ವೈದ್ಯರು ಮತ್ತು ನರ್ಸ್‌ಗಳು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ ಅತ್ತೆಯಂದಿರು, ವಕೀಲರಾದ ಅಪ್ಪನ ಕೇಸುಗಳ ತಾರೀಖು ನೋಡಿಕೊಂಡ ವಕೀಲ ಮಿತ್ರರು, ವಿಜಯಪುರದ ಮನೆಯಲ್ಲಿ ಅವ್ವನಿಗೆ ಜೊತೆಯಾಗಿ ಮಲಗಲು ಬಂದ ಓಣಿಯ ಅಕ್ಕಂದಿರು: ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ಒಬ್ಬೊಬ್ಬರ ಮನೆಗೂ ಬಂದು ಹೇಳುವೆ. ಈ ಬರಹ ಮಾತ್ರ ನಮ್ಮ ಕಾರು ರಿಪೇರಿ ಮಾಡುವ ಮಿಸ್ತ್ರಿ ಕಾಕಾ ಅವರಿಗೆ.

ನಮ್ಮ ಮನೆಯ ಕಾರನ್ನು ನೋಡಿದವರೆಲ್ಲ ಕಾಕಾ ಅವರನ್ನೂ ನೋಡಿರುತ್ತೀರಿ. ಕಾಗದದಲ್ಲಿ ಅದು 1984ರ ಪ್ರೀಮಿಯರ್ ಪದ್ಮಿನಿ, ಮನೆಯವರ ಬಾಯಲ್ಲಿ ಇಂದಿಗೂ ಫಿಯಾಟ್. ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದಿತ್ತು. ಅಪ್ಪ ಮತ್ತು ಕಾಕಾ ನಡುವಿನ ಜಾಗ ನನ್ನದು. ದೂರದ ಪ್ರಯಾಣವಿದ್ದರೆ ಕಾಕಾ ಇಲ್ಲದೆ ಅಪ್ಪ ಹೊರಡುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ಬಾದಾಮಿಯ ಬನಶಂಕರಿಗೆ ಹೊರಟರೆ ಕೊಲ್ಹಾರದ ಸೇತುವೆ ಬರುವ ಮೊದಲೇ ಕಾರು ನಿಂತುಬಿಡುತ್ತಿತ್ತು. ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಪಂಪಿಗೆ ಎಳೆಯಲು ಆಗದೆ ನಿಲ್ಲುವುದು ಆ ಕಾಲದ ಹಲವು ಕಾರುಗಳಿಗೆ ಇದ್ದ ತೊಂದರೆ. ಕಾಕಾ ಬಾನೆಟ್ ಎತ್ತಿ, ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ ಪಂಪಿಗೆ ಸುತ್ತುತ್ತಿದ್ದರು. ಅದು ತಣ್ಣಗಾಗುವವರೆಗೆ ನಾವೆಲ್ಲ ಬೇವಿನ ಮರದ ಕೆಳಗೆ.

ಆ ಹೊತ್ತು ಅಪ್ಪನದು. 1990ರಲ್ಲಿ ಬಂದ ‘ಗಣೇಶನ ಮದುವೆ’ಯನ್ನು ನಾವು ಇದೇ ಕಾರಿನಲ್ಲಿ ಹೋಗಿ ನೋಡಿದ್ದೆವು, ಕಾಕಾ ಕೂಡ ಜೊತೆಗಿದ್ದರು. ಒಂದೇ ವಠಾರದಲ್ಲಿ ಹಗಲೆಲ್ಲ ಜಗಳವಾಡುವ ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್, ಬೇರೆ ಹೆಸರಿನ ಪತ್ರಗಳಲ್ಲಿ ಒಬ್ಬರನ್ನೊಬ್ಬರು ಅರಿಯದೆ ಮೆಚ್ಚಿಕೊಳ್ಳುವ ಕಥೆ. ಫಣಿ ರಾಮಚಂದ್ರ ಅವರ ಹಾಸ್ಯದಲ್ಲಿ ಯಾರನ್ನೂ ಕೀಳುಮಾಡುವ ಮಾತಿರಲಿಲ್ಲ. ಮಕ್ಕಳು, ಅಜ್ಜಿ, ಸೊಸೆ ಒಂದೇ ಸಾಲಿನಲ್ಲಿ ಕುಳಿತು ನಗಬಹುದಿತ್ತು. ಅದಕ್ಕೇ ಅದು ಇಷ್ಟು ವರ್ಷ ಬಾಳಿದೆ ಎಂದು ನಾನು ನಂಬಿದ್ದೇನೆ. ಮುಖ್ಯಮಂತ್ರಿ ಚಂದ್ರು ಅವರ ರಮಣಮೂರ್ತಿ ಅಪ್ಪನಿಗೆ ಬಾಯಿಪಾಠ. ರಸ್ತೆ ಬದಿಯಲ್ಲಿ ಅಪ್ಪ ಆ ಮನೆ ಮಾಲೀಕನಾಗಿ ದನಿ ಏರಿಸಿದರೆ, ಕಾಕಾ ಬಾನೆಟ್ ಒಳಗಿಂದಲೇ ಗಣೇಶನಾಗಿ ಉತ್ತರ ಕೊಡುತ್ತಿದ್ದರು.

ಆಸ್ಪತ್ರೆಯ ಆ ಕೆಟ್ಟ ರಾತ್ರಿ, ಬೆಳಗಾಗುವವರೆಗೆ ಏನೂ ಹೇಳಲಾಗದು ಎಂದು ವೈದ್ಯರು ತಿಳಿಸಿ ಹೋದ ಮೇಲೆ ನಾನು ಐಸಿಯು ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಇದ್ದೆ. ತಮ್ಮನ ವಿಮಾನ ಇನ್ನೂ ಹೊರಟಿರಲಿಲ್ಲ. ಕಾಕಾ ವಿಜಯಪುರದಿಂದ ಸಂಜೆಯ ಬಸ್ಸು ಹಿಡಿದು ಬಂದರು. ಗ್ಯಾರೇಜಿನಿಂದ ನೇರವಾಗಿ ಹೊರಟಿದ್ದರು, ಉಗುರಿನ ಸಂದಿಯಲ್ಲಿ ಗ್ರೀಸ್ ಹಾಗೆಯೇ ಇತ್ತು. ‘ಎಲ್ಲ ಸರಿಹೋಗುತ್ತದೆ’ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ‘ಊಟ ಮಾಡಿದೆಯಾ, ಅವ್ವಾ?’ ಎಂದು ಕೇಳಿದರು. ಚಹಾ ತಂದುಕೊಟ್ಟರು. ಆಮೇಲೆ, ನಾನು ಕೇಳದೆಯೇ, ‘ಗಣೇಶನ ಮದುವೆ’ಯನ್ನು ಮೊದಲಿನಿಂದ ಹೇಳತೊಡಗಿದರು.

ಒಂದೊಂದು ದೃಶ್ಯವನ್ನೂ ಬಿಡದೆ ಹೇಳಿದರು, ರಮಣಮೂರ್ತಿಯದೊಂದನ್ನು ಬಿಟ್ಟು. ಅವನ ಮಾತು ಬಂದಾಗಲೆಲ್ಲ ‘ಇದು ವಕೀಲರ ಪಾಲು’ ಎಂದು ಅಲ್ಲಿಗೆ ನಿಲ್ಲಿಸಿ ಮುಂದೆ ಹೋಗುತ್ತಿದ್ದರು. ನಾನು ಗಟ್ಟಿಯಾಗಿ ನಕ್ಕೆ. ನಗುತ್ತಲೇ ಅಳು ಒತ್ತರಿಸಿ ಬಂತು. ಆ ಮಧ್ಯಾಹ್ನ ಅಪ್ಪನ ಸ್ಥಿತಿ ನೋಡಿ, ಇಷ್ಟು ನರಳುವುದಕ್ಕಿಂತ ಹೋಗಿಬಿಡಲಿ ಎಂದು ನನಗನ್ನಿಸಿತ್ತು. ಅವ್ವನಿಗೂ ತಮ್ಮನಿಗೂ ಹೇಳಲಾರದ ಆ ಮಾತನ್ನು ಕಾಕಾಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. ‘ಗಾಜಿನಿಂದ ನೋಡಿದಾಗ ನನಗೂ ಹಾಗೆಯೇ ಅನಿಸಿತು’ ಎಂದರು. ಕಣ್ಣೊರೆಸಿಕೊಂಡು, ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡರು. ಆ ರಾತ್ರಿ ನನ್ನನ್ನು ಉಳಿಸಿದ್ದು ಆ ಎರಡು ಮಾತು. ಅಲ್ಲಿ ಹಾಸಿಗೆಯ ಸಂಖ್ಯೆಯಾಗಿ ಮಲಗಿದ್ದವರು ಕಾಕಾ ಬಾಯಲ್ಲಿ ಮತ್ತೆ ನನ್ನ ಅಪ್ಪನಾದರು.

ಮನೆಗೆ ಬಂದ ಮೇಲೆ ಅಪ್ಪನ ಎಡಗೈ ಏಳುತ್ತಿರಲಿಲ್ಲ. ಫಿಯಾಟಿನ ಗೇರ್ ಹಾಕುವುದು ಎಡಗೈಯಿಂದಲೇ. ಫಿಸಿಯೋಥೆರಪಿಯವರನ್ನು ಕೇಳಿ ಒಪ್ಪಿಗೆ ಪಡೆದು, ಕಾಕಾ ದಿನವೂ ಅಪ್ಪನನ್ನು ನಿಲ್ಲಿಸಿದ ಕಾರಿನಲ್ಲಿ ಕೂರಿಸಿ, ಕೈಯ ಮೇಲೆ ತಮ್ಮ ಕೈಯಿಟ್ಟು ಒಂದನೆಯದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರ್ ಬದಲಿಸಿ ಅಭ್ಯಾಸ ಮಾಡಿಸಿದರು. ತಿಂಗಳುಗಟ್ಟಲೆ ನಿಂತಿದ್ದ ಕಾರನ್ನೂ ಬಿಡಲಿಲ್ಲ: ಟ್ಯಾಂಕಿನ ಹಳೆಯ ಪೆಟ್ರೋಲ್ ಇಳಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು, ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟನ್ನು ಪಾಲಿಶ್ ಕಾಗದದಿಂದ ಉಜ್ಜಿದರು. ಬಿಡಿಭಾಗ ಸಿಗುವುದು ಸುಲಭವಲ್ಲ. ಮುಂಬೈಯಲ್ಲೇ 2023ರ ಅಕ್ಟೋಬರ್‌ನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಆ ಸುದ್ದಿಯನ್ನು ಅಪ್ಪ ಪತ್ರಿಕೆಯಿಂದ ಕತ್ತರಿಸಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದಾರೆ.

ಕಳೆದ ವಾರ ಚೋಕ್ ಎಳೆದು ಕೀಲಿ ತಿರುಗಿಸಿದಾಗ ಇಂಜಿನ್ ಕೆಮ್ಮಿ, ಆಮೇಲೆ ಸರಾಗವಾಗಿ ಓಡಿತು. ಕಾಕಾ ಸ್ಟೀರಿಂಗ್ ಹಿಡಿದರು, ಅಪ್ಪ ಪಕ್ಕದಲ್ಲಿ. ಗೋಳಗುಮ್ಮಟದವರೆಗೆ ಹೋಗಿ ಬಂದೆವು. ಗೇಟಿನ ಬಳಿ ಇನ್ನೊಂದು ಗಾಡಿ ಅಡ್ಡ ನಿಂತಿತ್ತು. ಅಪ್ಪ ತ್ರಿಕೋನದ ಗಾಜು ತೆರೆದು, ತೊದಲುತ್ತಲೇ, ರಮಣಮೂರ್ತಿಯ ದನಿಯಲ್ಲಿ ಕೂಗಿದರು. ಕಾಕಾ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟರು.

ಕಾಕಾ, ದುಡ್ಡು ಕೊಡಲು ಬಂದರೆ ನೀವು ಬೈಯುತ್ತೀರಿ, ಅದಕ್ಕೆ ಎಲ್ಲರೆದುರು ಬರೆದಿದ್ದೇನೆ. ನಾನು ನಿಮ್ಮ ಮಗಳೂ ಹೌದು.

ಅಪ್ಪನನ್ನು ನೋಡಲು ಬರುವವರು ಬೆಳಿಗ್ಗೆ ಬನ್ನಿ, ಸಂಜೆಯ ಹೊತ್ತಿಗೆ ಅವರು ದಣಿಯುತ್ತಾರೆ. ಕಾಯಿಲೆಯ ವಿಷಯ ತೆಗೆಯಬೇಡಿ. ಯಾವುದಾದರೂ ಹಳೆಯ ಹಾಸ್ಯಚಿತ್ರದ ಮಾತು ತೆಗೆಯಿರಿ, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.